ಪಯಣಕ್ಕೆ ಮುಂಚಿನ ತೋಟ

ಪ್ರಯಾಣದ ದಿನ ನಿಶ್ಚಯವಾದ ಮೇಲೆ ಮನುಷ್ಯನ ಮನಸ್ಸು ಮನೆಯಲ್ಲಿ ನಿಲ್ಲುವುದಿಲ್ಲ. ದೇಹವಿನ್ನೂ ಅಂಗಳದಲ್ಲಿರುವಾಗಲೇ ಮನಸ್ಸು ಊರಿನ ಎಲ್ಲೆಯನ್ನು ದಾಟಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಬೀಳುತ್ತದೆ. ಬಹುಕಾಲದಿಂದ ಕಾಣದ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಕಾಣಲು ಹೊರಟವರಿಗಂತೂ ನಡುವೆ ಉಳಿದ ದಿನಗಳು ದಾಟಲೇಬೇಕಾದ ಹೊಳೆಯಂತೆ ತೋರುತ್ತವೆ. ಹೊಳೆಯ ಸೊಗಸು ಯಾರಿಗೆ ಬೇಕು, ಆಚೆಯ ದಡ ಸಿಕ್ಕಿದರೆ ಸಾಕು. ಇದು ಸಹಜವೇ. ಆದರೆ ಆ ದಿನಗಳು ಬೇಸಗೆಯ ಮೊದಲ ದಿನಗಳಾಗಿದ್ದು, ಮನೆಯ ಸುತ್ತ ಒಂದು ತೋಟವೂ ಇದ್ದ ಪಕ್ಷದಲ್ಲಿ, ಅವನ್ನು ಹೀಗೆ ಗೀಟು ಹಾಕಿ ಕಳೆಯುವುದು ನಷ್ಟದ ವ್ಯವಹಾರವೆಂದೇ ಹೇಳಬೇಕು.

ಬೆಳ್ತಂಗಡಿ ತಾಲೂಕಿನ ಪೂರ್ವದ ಅಂಚಿನಲ್ಲಿ, ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಕಕ್ಕಿಂಜೆ ಇಂಥ ತೋಟಗಳ ಊರು. ಉಜಿರೆಯಿಂದ ಹೊರಟು ಮುಂಡಾಜೆಯನ್ನು ದಾಟಿ ಘಟ್ಟದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಹೋಗುವವರಿಗೆ ಅದೊಂದು ಚಿಕ್ಕ ಪೇಟೆ. ಚಹಾ ಕುಡಿದು ಮುಂದೆ ಸಾಗುವ ತಾಣ. ಊರಿನ ನಿಜವಾದ ಬದುಕಿರುವುದು ಪೇಟೆಯಿಂದ ಕವಲೊಡೆದು ಅಡಿಕೆ, ತೆಂಗು, ಬಾಳೆಗಳ ನಡುವೆ ಮರೆಯಾಗುವ ಮಣ್ಣಿನ ದಾರಿಗಳಲ್ಲಿ. ಘಟ್ಟದಿಂದಿಳಿದ ಮೃತ್ಯುಂಜಯ ಹೊಳೆ ಈ ಸೀಮೆಯ ತೋಟಗಳಿಗೆ ನೀರುಣಿಸಿ ಮುಂದೆ ನೇತ್ರಾವತಿಯನ್ನು ಸೇರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಿದು. ಆ ಮಳೆಯ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವುದರಿಂದ, ಮಾರ್ಚ್ ಬಂತೆಂದರೆ ಇಲ್ಲಿಯೂ ನೀರಿನ ಲೆಕ್ಕ ಮೊದಲಾಗುತ್ತದೆ.

ಆದರೂ ಮಾರ್ಚ್ ತಿಂಗಳ ತೋಟದಲ್ಲಿ ಏನುಂಟು, ಏನಿಲ್ಲ! ಅಡಿಕೆಯ ಮರಗಳಲ್ಲಿ ಹಾಳೆ ಕಳಚಿ ಬಿದ್ದು ಹೊಂಬಾಳೆ ಒಡೆದು ಹಿಂಗಾರ ಹೊರಚೆಲ್ಲಿರುತ್ತದೆ. ಅದರ ಮೃದುವಾದ ಪರಿಮಳ ಮುಂಜಾನೆಯ ತಂಪಿನಲ್ಲಿ ಮಾತ್ರ ಮೂಗಿಗೆ ತಿಳಿಯುತ್ತದೆ, ಬಿಸಿಲೇರಿದರೆ ಇಲ್ಲ. ಅಂಗಳದ ತುಂಬ ಹರಡಿದ ಅಡಿಕೆ ಒಣಗಿ ಚಾಲಿಯಾಗುತ್ತಿರುತ್ತದೆ. ಪಕ್ಕದ ಚಾಪೆಯ ಮೇಲೆ ಕಾಳುಮೆಣಸು ಹಸಿರಿನಿಂದ ಕಪ್ಪಿಗೆ ತಿರುಗುತ್ತಿರುತ್ತದೆ. ಕೊಯ್ಲಾದ ಗದ್ದೆಯಲ್ಲಿ ಮಾಡಿದ ತರಕಾರಿಯ ಸಾಲುಗಳಲ್ಲಿ ಅಲಸಂಡೆ, ಬೆಂಡೆ, ಸೌತೆ, ಕೆಂಪು ಹರಿವೆ. ಬಚ್ಚಲಿನ ನೀರು ಹರಿಯುವಲ್ಲಿ ಬಸಳೆಯ ಚಪ್ಪರ. ಹಲಸಿನ ಮರದ ಮೈಗೆ ಗುಜ್ಜೆಗಳು ಅಂಟಿಕೊಂಡಿವೆ. ಕಾಟುಮಾವಿನಲ್ಲಿ ಉಪ್ಪಿನಕಾಯಿಗೆ ತಕ್ಕ ಮಿಡಿ ಕಟ್ಟಿದೆ. ಗುಡ್ಡದ ಕಡೆಯಿಂದ ಗೇರುಹಣ್ಣಿನ ಘಾಟು ಬರುತ್ತದೆ. ಮಲ್ಲಿಗೆಯ ಬುಡದಲ್ಲಿ ಸಂಜೆ ನಾಲ್ಕು ತಂಬಿಗೆ ನೀರು ಸುರಿದರೆ, ಮರುದಿನದ ಮೊಗ್ಗಿನ ಲೆಕ್ಕವೇ ಬೇರೆಯಾಗುತ್ತದೆ.

ಸುರಗಿಯ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಕಾಡಂಚಿನ ಈ ಮರ ಬೇಸಗೆ ಕಾಲಿಡುವ ಹೊತ್ತಿನಲ್ಲಿ ರೆಂಬೆಯ ಮೈಗೆ ಒತ್ತಿಕೊಂಡು ಹೂಬಿಡುತ್ತದೆ. ಮೊಗ್ಗನ್ನು ನಸುಕಿನಲ್ಲಿಯೇ ಬಿಡಿಸಬೇಕು. ಬೆಳಕು ಹರಿದರೆ ಜೇನುನೊಣಗಳು ಪಾಲು ಕೇಳಲು ಬರುತ್ತವೆ. ಬೇರೆ ಹೂಗಳು ಬಾಡಿದೊಡನೆ ಗಂಧವನ್ನು ಕಳೆದುಕೊಂಡರೆ, ಸುರಗಿ ಒಣಗಿದ ಮೇಲೂ ತಿಂಗಳುಗಟ್ಟಲೆ ಪರಿಮಳವನ್ನು ಉಳಿಸಿಕೊಳ್ಳುತ್ತದೆ. ಹಿಂದಿನ ಹೆಂಗಸರು ಇದನ್ನು ಪೋಣಿಸಿ ಬಟ್ಟೆಯ ಪೆಟ್ಟಿಗೆಯಲ್ಲಿರಿಸುತ್ತಿದ್ದುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಸಂಪತ್ತನ್ನು ನೋಡುವವರು ಯಾರು? ಈ ಪ್ರಶ್ನೆಗೆ ಸಿಗುವ ಉತ್ತರ ಅಷ್ಟೇನೂ ಸಂತೋಷಕರವಲ್ಲ. ಮಾರ್ಚ್ ಎಂದರೆ ಶಾಲೆಯ ಮಕ್ಕಳಿಗೆ ಪರೀಕ್ಷೆಯ ತಿಂಗಳು. ಊರಿನಲ್ಲಿಯೇ ಇರುವ ಹುಡುಗ ಹುಡುಗಿಯರೂ ಕಿಟಕಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಬೆಂಗಳೂರಿನಿಂದ ಬರುವ ಮೊಮ್ಮಕ್ಕಳು ಏಪ್ರಿಲ್ ನಡುವಿನಲ್ಲಿ ಬರುತ್ತಾರೆ. ಅಷ್ಟರಲ್ಲಿ ಬಿಸಿಲು ಬಲಿತು ತೋಟದ ಮೊದಲ ಕಳೆ ಇಳಿದಿರುತ್ತದೆ, ಆದರೂ ಅವರಿಗೆ ಮಾವು ಹಲಸುಗಳಾದರೂ ದಕ್ಕುತ್ತವೆ. ಕೊಲ್ಲಿಯ ದೇಶಗಳಲ್ಲಿ ಬೆಳೆಯುತ್ತಿರುವ ಮಕ್ಕಳ ಪಾಡು ಇನ್ನೂ ಬೇರೆ. ಕರಾವಳಿಯ ಈ ತಾಲೂಕುಗಳಲ್ಲಿ ಒಬ್ಬ ಮಗನೋ ಮಗಳೋ ಅಳಿಯನೋ ಕೊಲ್ಲಿಯಲ್ಲಿರುವ ಮನೆಗಳು ಎಷ್ಟೋ ಇವೆ. ಬ್ಯಾರಿ, ಕ್ರೈಸ್ತ, ಹಿಂದೂ, ಜೈನ ಎಂಬ ಭೇದ ಇದರಲ್ಲಿಲ್ಲ. ದುಬೈ, ಶಾರ್ಜಾಗಳಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲಿನಲ್ಲಿ ಆರಂಭವಾಗಿ, ದೊಡ್ಡ ರಜೆ ಜುಲೈ ಆಗಸ್ಟುಗಳಲ್ಲಿ ಬರುತ್ತದೆ. ಆದ್ದರಿಂದ ಆ ಮಕ್ಕಳು ಅಜ್ಜಿಯ ಮನೆಗೆ ಬರುವುದು ಆಟಿಯ ಮಳೆಯಲ್ಲಿ. ಅವರು ಕಂಡ ತೋಟವೆಂದರೆ ಕೆಸರು, ಉಂಬಳ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಆಳುಗಳು ಮತ್ತು ಕೈಕೊಟ್ಟ ವಿದ್ಯುತ್ತು. ಹಿಂಗಾರ ಅರಳುವುದನ್ನು, ಮಾವಿನ ಮಿಡಿ ಉದುರುವುದನ್ನು ಅವರು ಒಮ್ಮೆಯೂ ಕಂಡಿಲ್ಲ. ಅಜ್ಜನ ತೋಟವನ್ನು ಅವರು ಪ್ರೀತಿಸದಿದ್ದರೆ ಅದು ಅವರ ತಪ್ಪಲ್ಲ. ಶಾಲೆಯ ವೇಳಾಪಟ್ಟಿಯ ತಪ್ಪು.

ಹೀಗಾಗಿ ಬೇಸಗೆಯ ಮೊದಲ ತಿಂಗಳ ತೋಟಕ್ಕೆ ಸಾಕ್ಷಿಗಳಾಗಿ ಉಳಿದವರು ಹಿರಿಯರು ಮಾತ್ರ. ಅವರೂ ಈಗ ಹೊರಡುವ ಆತುರದಲ್ಲಿ ಅದರ ಕಡೆಗೆ ಕಣ್ಣೆತ್ತದೆ ಹೋದರೆ, ಆ ತಿಂಗಳು ಯಾರಿಗೂ ಸೇರದೆ ಹೋಗುತ್ತದೆ.

ಕಕ್ಕಿಂಜೆಯ ಸುತ್ತಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಬೆಟ್ಟಗಳು ಜರಿದು, ಘಟ್ಟದ ರಸ್ತೆ ಹಲವೆಡೆ ಕುಸಿದು, ಮೃತ್ಯುಂಜಯ ಹೊಳೆ ಉಕ್ಕಿ ಹರಿದ ದಿನಗಳನ್ನು ಈ ಸೀಮೆ ಮರೆತಿಲ್ಲ. ಮರದ ದಿಮ್ಮಿಗಳೂ ಮರಳೂ ನೀರಿನೊಡನೆ ಬಂದು, ತಲೆಮಾರುಗಳಿಂದ ನಿಂತಿದ್ದ ತೋಟಗಳು ಒಂದು ಹಗಲಿನಲ್ಲಿ ಮರಳುಗಾಡಿನಂತಾದವು. ಆ ಮನೆಯವರು ಮರಳನ್ನು ತೆಗೆಸಿ, ಬಾಳೆಯ ನೆರಳಿನಲ್ಲಿ ಮತ್ತೆ ಅಡಿಕೆ ಸಸಿಗಳನ್ನು ನೆಟ್ಟರು. ಅಡಿಕೆಯ ಸಸಿ ಫಲಕ್ಕೆ ಬರಲು ಸಾಮಾನ್ಯವಾಗಿ ಐದಾರು ವರ್ಷ ಬೇಕು. ಎಳೆಯ ಮರಕ್ಕೆ ನೈರುತ್ಯದ ಬಿಸಿಲು ತಾಗದಂತೆ ಮರೆ ಕಟ್ಟುವುದು, ಬುಡಕ್ಕೆ ಸೊಪ್ಪು ಹಾಕುವುದು, ಘಟ್ಟದಿಂದಿಳಿದು ಬಾಳೆಗೆ ಬಾಯಿಹಾಕುವ ಕಾಡಾನೆಯ ಭಯದಲ್ಲಿ ರಾತ್ರಿ ಎಚ್ಚರಿರುವುದು, ಇವುಗಳಲ್ಲಿ ವರ್ಷಗಳು ಕಳೆದವು. ದುಬೈಯಲ್ಲಿರುವ ಮಗ ಪ್ರತಿ ವರ್ಷವೂ ಕರೆಯುತ್ತಿದ್ದ. ಪ್ರತಿ ವರ್ಷವೂ ತಾಯಿತಂದೆಯರಿಂದ ಒಂದೇ ಉತ್ತರ: “ತೋಟ ಬಿಟ್ಟು ಬರುವುದು ಹೇಗೆ ಮಗಾ? ನೀರು ಬಿಡುವವರು ಯಾರು?” ಈಗ ಸಸಿಗಳು ಮರವಾಗಿ ಮೊದಲ ಹಿಂಗಾರ ಹೊರಟಿದೆ; ದಂಪತಿಗಳು ಮೊದಲ ಬಾರಿಗೆ ಪ್ರಯಾಣದ ಟಿಕೆಟು ಮಾಡಿಸಿದ್ದಾರೆ. ಇಂಥ ಮನೆಗೆ ಬಂದ ಮಾರ್ಚ್ ತಿಂಗಳನ್ನು ಸಾಮಾನ್ಯ ತಿಂಗಳೆನ್ನುವುದು ಹೇಗೆ?

ನೀರು ಬಿಡುವವರು ಯಾರೆಂಬ ಪ್ರಶ್ನೆಯನ್ನು ನೆಪವೆಂದು ತಳ್ಳಿಹಾಕುವವರು ತೋಟದ ಲೆಕ್ಕವನ್ನು ಅರಿಯದವರು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಅಡಿಕೆಯ ಬಗ್ಗೆ ಸಂಶೋಧಕರು ಮಾಡಿರುವ ಶಿಫಾರಸಿನ ಪ್ರಕಾರ, ನವೆಂಬರಿನಲ್ಲಿ ವಾರಕ್ಕೊಮ್ಮೆ ನೀರು ಸಾಕಾದರೆ, ಮಾರ್ಚಿನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ, ಮರವೊಂದಕ್ಕೆ ಸುಮಾರು 175 ಲೀಟರು ನೀರು ಬೇಕು. ಐನೂರು ಮರಗಳ ಚಿಕ್ಕ ತೋಟವೆಂದರೂ ಒಂದು ಸರದಿಗೆ 87,500 ಲೀಟರು! ಹನಿ ನೀರಾವರಿಯಿಂದ ಈ ಲೆಕ್ಕ ಬಹಳಷ್ಟು ಇಳಿಯುತ್ತದೆ ನಿಜ. ಆದರೆ ಕೊಳವೆಯ ಬಾಯಿ ಕಟ್ಟಿದಾಗ ನೋಡುವ ಕಣ್ಣೊಂದು ಬೇಕೇ ಬೇಕು. ಈ ದಿನಗಳಲ್ಲಿ ನೀರು ತಪ್ಪಿದರೆ ಎಳೆಯ ನಳ್ಳಿ ಉದುರುತ್ತದೆ. ಒಂದು ತಿಂಗಳ ಅಲಕ್ಷ್ಯದ ಬೆಲೆಯನ್ನು ಮುಂದಿನ ಕೊಯ್ಲಿನಲ್ಲಿ ತೆರಬೇಕು. ಊರಿಗೆ ಊರೇ ಸಂಚಾರ ಹೊರಡುವ ರಜೆಯ ಕಾಲವೇ ತೋಟಕ್ಕೆ ಬಾಯಾರುವ ಕಾಲವೂ ಆಗಿರುವುದು ವಿಪರ್ಯಾಸ.

ಆದರೆ ಈ ಮಾತಿಗೆ ಇನ್ನೊಂದು ಮುಖವೂ ಉಂಟು. ತೋಟದ ದೆಸೆಯಿಂದ ಎಲ್ಲಿಗೂ ಹೋಗಲಾಗದೆಂಬ ಹಿರಿಯರಲ್ಲಿ ಹಲವರು, ತೋಟದಲ್ಲಿದ್ದೂ ಅದನ್ನು ನೋಡಿದವರಲ್ಲ. ಅವರಿಗೆ ಮರವೆಂದರೆ ಗೊನೆ, ಗೊನೆಯೆಂದರೆ ಧಾರಣೆ, ಧಾರಣೆಯೆಂದರೆ ಚಿಂತೆ. ಬೆಳಗ್ಗೆ ಪಂಪು, ಮಧ್ಯಾಹ್ನ ಆಳುಗಳ ಊಟ, ಸಂಜೆ ಮಂಗಗಳನ್ನೋಡಿಸುವ ಗರ್ನಾಲು. ಇದರ ನಡುವೆ ಒಂದು ಗಳಿಗೆ ಮರದ ಬುಡದಲ್ಲಿ ಸುಮ್ಮನೆ ಕುಳಿತವರು ಎಷ್ಟು ಮಂದಿ? ದುಡಿಮೆಯ ಕಣ್ಣಿನಿಂದ ಮಾತ್ರ ಕಂಡ ತೋಟ ಸಂಕೋಲೆಯಾಗುತ್ತದೆ. ಮಕ್ಕಳು ಊರು ಬಿಟ್ಟು ಹೋಗುವುದಕ್ಕೆ ವಿದ್ಯೆ, ಸಂಬಳ, ಪೇಟೆಯ ಸೌಕರ್ಯಗಳೆಲ್ಲ ಕಾರಣ; ಆದರೆ ಬಾಲ್ಯದಲ್ಲಿ ಅವರು ಕೇಳಿದ್ದು ತೋಟದ ನಷ್ಟದ ಕಥೆಯನ್ನೇ ಹೊರತು ಸುಖದ ಕಥೆಯನ್ನಲ್ಲ ಎಂಬುದನ್ನೂ ಕಾರಣಗಳ ಸಾಲಿಗೆ ಸೇರಿಸಬೇಕು.

ಶಿವರಾಮ ಕಾರಂತರ ‘ಬೆಟ್ಟದ ಜೀವ’ 1943ರಲ್ಲಿ ಪ್ರಕಟವಾದ ಕಾದಂಬರಿ. ಇದೇ ಘಟ್ಟಸಾಲಿನ ಬುಡದಲ್ಲಿ, ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ತೋಟ ಮಾಡಿ ಬದುಕಿದ ಮುದುಕ ದಂಪತಿಗಳು, ಮನೆ ಬಿಟ್ಟು ಹೋದ ಮಗನ ದಾರಿ ಕಾಯುವುದು ಅದರ ಒಡಲಿನಲ್ಲಿರುವ ನೋವು. ಅಲ್ಲಿಯ ಗೋಪಾಲಯ್ಯ ದುಃಖವನ್ನು ಎದೆಯಲ್ಲಿಟ್ಟುಕೊಂಡೇ ಬೆಟ್ಟವನ್ನೂ ತೋಟವನ್ನೂ ಅತಿಥಿಯನ್ನೂ ಪ್ರೀತಿಸಬಲ್ಲ ವ್ಯಕ್ತಿ. ಆ ಕಾಲದ ತಂದೆತಾಯಿಗಳಿಗೆ ಕಾಯುವುದೊಂದೇ ಉಳಿದಿತ್ತು. ಹೋಗಿ ನೋಡಿ ಬರುವ ದಾರಿಯಿರಲಿಲ್ಲ. ಇಂದು ದಾರಿಯಿದೆ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಮುಂಬಯಿಯನ್ನು ಸುತ್ತಿ ಹೋಗುವ ಬವಣೆಯೂ ತಪ್ಪಿದೆ. ಹಾರಾಟ ನಾಲ್ಕು ಗಂಟೆಯೊಳಗಿನದು. ದಾರಿ ಹತ್ತಿರವಾದಷ್ಟೂ ಕಾಯುವ ತಾಳ್ಮೆ ಕಡಮೆಯಾಗಿದೆ ಎನ್ನುವುದು ಬೇರೆ ಮಾತು. ಗೋಪಾಲಯ್ಯನಿಗಿದ್ದ ಆ ಕಣ್ಣನ್ನು ವಿಮಾನದ ಟಿಕೆಟು ಕಿತ್ತುಕೊಳ್ಳಬೇಕಾಗಿಲ್ಲ.

ಹೊರಡಲಿರುವವನ ಕಣ್ಣಿಗೆ ಒಂದು ವಿಶೇಷ ಶಕ್ತಿ ಬರುತ್ತದೆ. ದಿನವೂ ನೋಡಿದ ಮರ ಅವನಿಗೆ ಬೇರೆಯಾಗಿ ಕಾಣುತ್ತದೆ. ಎಂದೂ ಗಮನಿಸದ ಕುಟ್ರುಹಕ್ಕಿಯ ಎಡೆಬಿಡದ ಕೂಗು ಕಿವಿಗೆ ಬೀಳುತ್ತದೆ. ಕಾಡಿನ ಅಂಚಿನ ಆಲದಿಂದ ರೆಕ್ಕೆಯ ಸದ್ದು ಮಾಡುತ್ತ ಹಾರುವ ಮಂಗಟ್ಟೆಯನ್ನು ನಿಂತು ನೋಡುವಂತಾಗುತ್ತದೆ. ಹೆತ್ತವರು ಮದುವೆಯಾಗಿ ಹೊರಟ ಮಗಳನ್ನು ನೋಡುವ ನೋಟವಿದು; ಅದರಲ್ಲಿ ಸಂತೋಷವೂ ಸ್ವಲ್ಪ ಸಂಕಟವೂ ಬೆರೆತಿರುತ್ತವೆ. ಈ ನೋಟ ವರ್ಷವಿಡೀ ಇರಲಾರದು, ಇರಬೇಕಾದ್ದೂ ಇಲ್ಲ. ಹಾಗಿದ್ದರೆ ಮೆಣಸು ಬಿಡಿಸುವವರು ಯಾರು? ಆದರೆ ಬಂದಾಗ ಅದನ್ನು ಬೇಡವೆನ್ನಬಾರದು. ಪ್ರಯಾಣದ ಸಿದ್ಧತೆಯೆಂದರೆ ಪೆಟ್ಟಿಗೆ ಕಟ್ಟುವುದಷ್ಟೇ ಅಲ್ಲ, ಕಣ್ಣನ್ನೂ ತುಂಬಿಕೊಳ್ಳಬೇಕು. ಬರಿಗಣ್ಣಿನಲ್ಲಿ ಹೋದ ಅಜ್ಜಿ ಮೊಮ್ಮಕ್ಕಳಿಗೆ ಹೇಳುವುದಾದರೂ ಏನನ್ನು? ಆರು ವರ್ಷದ ಹುಡುಗಿಯೊಬ್ಬಳು ಹನ್ನೆರಡನೆಯ ಮಹಡಿಯಲ್ಲಿ ಕುಳಿತು “ಅಜ್ಜಿ, ಮಳೆ ಇಲ್ಲದಾಗ ನಿಮ್ಮ ತೋಟ ಹೇಗಿರುತ್ತದೆ?” ಎಂದು ಕೇಳಿದರೆ, ಧಾರಣೆ ಕುಸಿದ ಸುದ್ದಿ ಆ ಪ್ರಶ್ನೆಗೆ ಉತ್ತರವಾಗದು.

ಕೈಯಲ್ಲಿ ಒಯ್ಯುವ ವಸ್ತುಗಳ ವಿಷಯದಲ್ಲಂತೂ ತೋಟದ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಲಸಿನ ಹಪ್ಪಳ, ಬಾಳಕದ ಮೆಣಸು, ಉಪ್ಪುನೀರಿನಲ್ಲಿ ಇಳಿದ ಮಾವಿನ ಮಿಡಿ, ಕಳೆದ ವರ್ಷ ಒಣಗಿಸಿಟ್ಟ ಪುನರ್ಪುಳಿಯ ಸಿಪ್ಪೆ, ಮನೆಯ ಕೊಬ್ಬರಿಯ ಎಣ್ಣೆ, ಹೀಗೆ ಪಟ್ಟಿ ಬೆಳೆಯುತ್ತದೆ. ವಿಮಾನದ ತೂಕದ ಮಿತಿಗೂ ತಾಯಿಯ ಮನಸ್ಸಿನ ಮಿತಿಗೂ ಹೊಂದಾಣಿಕೆ ಎಂದೂ ಆಗುವುದಿಲ್ಲ. ಅರಬ್ ಸಂಯುಕ್ತ ಸಂಸ್ಥಾನಕ್ಕೆ ಗಸಗಸೆಯನ್ನು ಒಯ್ಯುವಂತಿಲ್ಲ, ವೀಳ್ಯದೆಲೆಯನ್ನೂ ಒಯ್ಯುವಂತಿಲ್ಲ. ಬದುಕಿಡೀ ಅಡಿಕೆ ಬೆಳೆದವನು ಎಲೆಯಡಿಕೆಯ ಚೀಲವನ್ನು ಜಗಲಿಯ ಮೊಳೆಗೆ ತೂಗುಹಾಕಿಯೇ ಹೊರಡಬೇಕಾದ ಪ್ರಸಂಗವಿದು! ಮುದುಕರಿಗೆ ಮಗನನ್ನು ಕಾಣುವ ಸಂತೋಷದ ನಡುವೆಯೂ ಇದೊಂದು ಕೊರಗು ಇದ್ದೇ ಇರುತ್ತದೆ.

ಅಲ್ಲಿಗೆ ಹೋದ ಮೇಲೆ ತೋಟದ ಕಣ್ಣು ಸುಮ್ಮನಿರುವುದಿಲ್ಲ. ರಸ್ತೆಯ ಬದಿಯ ಖರ್ಜೂರದ ಮರಗಳನ್ನು ಕಂಡೊಡನೆ ಇದು ನಮ್ಮ ತೆಂಗು ಅಡಿಕೆಗಳ ದಾಯಾದಿಯೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೇಸಗೆಗೆ ಮುಂಚೆ ಗಂಡು ಹೂವಿನ ಎಸಳನ್ನು ಹೆಣ್ಣು ಹೂಗೊಂಚಲಿಗೆ ಕೈಯಿಂದಲೇ ಮುಟ್ಟಿಸುವ ಕೆಲಸ ಅಲ್ಲಿಯ ತೋಟಗಾರರಿಗೆ ಸಾವಿರಾರು ವರ್ಷಗಳಿಂದ ಪರಿಚಿತ. ಅಲ್ ಐನ್ ಎಂಬ ಊರಿನ ಓಯಸಿಸ್‌ಗಳು 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿ ಬೆಟ್ಟದ ಒಡಲಿನ ನೀರನ್ನು ನೆಲದೊಳಗಿನ ಕಾಲುವೆಗಳ ಮೂಲಕ ಖರ್ಜೂರದ ತೋಟಕ್ಕೆ ತರುತ್ತಾರೆ. ಅದನ್ನು ಫಲಜ್ ಎಂದು ಕರೆಯುತ್ತಾರೆ. ಬಂಟ್ವಾಳ, ಕಾಸರಗೋಡುಗಳ ಕಡೆಯ ಸುರಂಗವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಂಟಿಯಾಗಿ ಸುರಂಗ ಕೊರೆದು, ಹಲವು ಸಲ ಸೋತ ಮೇಲೆ ನೀರನ್ನು ಕಂಡು, ಆ ಗುಡ್ಡದಲ್ಲಿಯೇ ಅಡಿಕೆ ತೆಂಗುಗಳ ತೋಟವೆಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಮರಳುಗಾಡಿನ ಫಲಜ್‌ನ ಮುಂದೆ ನಿಂತು ಅಜ್ಜ ಮೊಮ್ಮಗಳಿಗೆ ಈ ಕಥೆಯನ್ನು ಹೇಳಿದರೆ, ಊರು ಎಷ್ಟು ದೂರ ಎಂಬ ಪ್ರಶ್ನೆ ಆ ಹೊತ್ತಿಗಾದರೂ ಏಳಲಾರದು. ಆದರೆ ಕಥೆ ಹೇಳಲು ಅವನು ಊರಿನ ನೀರನ್ನು ನೋಡಿ ಬಂದಿರಬೇಕು.

ನೀರು ಬಿಡುವವರ ಪ್ರಶ್ನೆ ಇನ್ನೂ ಉಳಿದಿದೆ. ಅದಕ್ಕೆ ಉತ್ತರ ಯಂತ್ರದಲ್ಲಿಲ್ಲ, ನೆರೆಮನೆಯಲ್ಲಿದೆ. ಹಿಂದೆ ಹೊಳೆಗೆ ಕಲ್ಲು ಮಣ್ಣುಗಳ ಕಟ್ಟ ಹಾಕಿ ನೀರನ್ನು ತೋಡಿನಲ್ಲಿ ತಿರುಗಿಸಿಕೊಳ್ಳುತ್ತಿದ್ದಾಗ, ತೋಟದವರು ಒಬ್ಬರನ್ನೊಬ್ಬರು ಬಿಟ್ಟು ಬಾಳುವಂತಿರಲಿಲ್ಲ. ಇಂದು ನಿನಗೆ, ನಾಳೆ ನನಗೆ ಎಂಬ ಸರದಿಯಿತ್ತು. ಆ ಸರದಿಯಲ್ಲಿ ಜಗಳವೂ ಇತ್ತೆನ್ನಿ. ಮನೆಗೊಂದು ಕೊಳವೆ ಬಾವಿ, ಮನೆಗೊಂದು ಪಂಪು ಬಂದ ಮೇಲೆ ಜಗಳ ಕಡಮೆಯಾಯಿತು, ಜೊತೆಗೆ ಬಳಕೆಯೂ ಕಡಮೆಯಾಯಿತು. ಪ್ರವಾಹ ಬಂದ ವರ್ಷ ಒಬ್ಬರ ಅಂಗಳದ ಮರಳನ್ನು ಇನ್ನೊಬ್ಬರು ಹೊತ್ತ ಊರಿನಲ್ಲಿ, ಎರಡು ತಿಂಗಳ ಮಟ್ಟಿಗೆ ನೀರು ಬಿಡೆಂದು ಕೇಳುವುದಕ್ಕೆ ಸಂಕೋಚವೇಕೆ? ಕೇಳದಿರುವುದನ್ನು ಸ್ವಾಭಿಮಾನವೆಂದು ಕರೆಯುವ ರೂಢಿ ಒಳ್ಳೆಯದಲ್ಲ. ಕೇಳಿದವನು ಮುಂದೊಂದು ದಿನ ನೆರೆಯವನ ತೋಟಕ್ಕೂ ನೀರು ಬಿಡುತ್ತಾನೆ. ಆಗ ಆ ನೆರೆಯವನೂ ತನ್ನ ಮಗಳ ಮನೆಗೆ ಹೋಗಿ ಬರುತ್ತಾನೆ.

ಆ ಮನೆಯಲ್ಲಿ ಹೊರಡುವ ಹಿಂದಿನ ಸಂಜೆ ಹೀಗಿರಬಹುದು. ಚಾಲಿ ಮೂಟೆಯಾಗಿದೆ; ಅಂಗಳ ಬರಿದಾಗಿ ಅಗಲವಾಗಿ ಕಾಣುತ್ತದೆ. ಪೋಣಿಸಿ ಒಣಗಿಸಿದ ಸುರಗಿಯ ಸರವನ್ನು ಅಜ್ಜಿ ಮೊಮ್ಮಗಳಿಗಾಗಿ ಹೊಲಿಸಿದ ಲಂಗದ ಮಡಿಕೆಯಲ್ಲಿಟ್ಟು ಪೆಟ್ಟಿಗೆಯನ್ನು ಮುಚ್ಚಿದ್ದಾಳೆ, ಮತ್ತೆ ತೆರೆದು ನೋಡಿದ್ದಾಳೆ. ಅಜ್ಜ ಮೊದಲ ಹಿಂಗಾರ ಬಿಟ್ಟ ಮರದ ಬುಡದಲ್ಲಿ ಕುಳಿತಿದ್ದಾನೆ. ಇಂದು ಅವನ ಕೈಯಲ್ಲಿ ಕತ್ತಿಯೂ ಇಲ್ಲ, ಗುದ್ದಲಿಯೂ ಇಲ್ಲ. ಪರೀಕ್ಷೆ ಮುಗಿಸಿದ ನೆರೆಮನೆಯ ಹುಡುಗ ನೀರಿನ ಕ್ರಮವನ್ನು ತಿಳಿದುಕೊಳ್ಳಲು ಬಂದು ನಿಂತಿದ್ದಾನೆ. ಅಜ್ಜ ಎದ್ದು ಅವನನ್ನು ಪಂಪಿನ ಶೆಡ್ಡಿನತ್ತ ಕರೆದೊಯ್ಯುತ್ತಾನೆ. ಮೂರು ವಾಲ್ವುಗಳಲ್ಲಿ ನಡುವಿನದು ಸ್ವಲ್ಪ ಬಿಗಿ. ಅದನ್ನು ಎರಡು ಕೈಗಳಿಂದ ತಿರುಗಿಸಬೇಕು.